ಮೋಟಾರು ಗಾಡಿಯ ಶೀತಕ ದ್ರವ: ಬದಲಾಯಿಸುವ ಮುನ್ನ ತಿಳಿಯಬೇಕಾದ ಭೌತವಿಜ್ಞಾನ

ಮೋಟಾರು ಗಾಡಿಯ ಎಂಜಿನಿನಲ್ಲಿ ಪೆಟ್ರೋಲು ಉರಿದಾಗ ಹುಟ್ಟುವ ಶಾಖವೆಲ್ಲವೂ ಚಕ್ರಗಳನ್ನು ತಿರುಗಿಸಲು ಒದಗುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಅದರಲ್ಲಿ ಮೂರನೆಯ ಒಂದು ಪಾಲು ಮಾತ್ರ ಕೆಲಸವಾಗಿ ಮಾರ್ಪಡುವುದು. ಇನ್ನೊಂದು ಪಾಲು ಹೊಗೆಗೊಳವೆಯ ಮೂಲಕ ಬಿಸಿ ಅನಿಲಗಳೊಡನೆ ಹೊರಬೀಳುವುದು. ಉಳಿದ ಪಾಲು ಸಿಲಿಂಡರಿನ ಗೋಡೆಗಳನ್ನು ಸೇರುವುದು. ಈ ಕೊನೆಯ ಪಾಲು ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಗಂಟೆಗೆ 5 ಲೀಟರು ಪೆಟ್ರೋಲು ಉರಿಸುವ ಒಂದು ಕಾರನ್ನು ತೆಗೆದುಕೊಳ್ಳಿ. ಒಂದು ಲೀಟರು ಪೆಟ್ರೋಲಿನಿಂದ ಸುಮಾರು 33 ಮೆಗಾಜೂಲಿನಷ್ಟು ಶಕ್ತಿ ದೊರೆಯುವುದು. ಇದರಂತೆ ಸಿಲಿಂಡರಿನ ಗೋಡೆಗಳಿಗೆ ಸಲ್ಲುವ ಶಾಖವು ಸುಮಾರು 15 ಕಿಲೋವಾಟ್. ಬಕೆಟ್ಟಿನ ನೀರು ಕಾಯಿಸುವ 1.5 ಕಿಲೋವಾಟಿನ ವಿದ್ಯುತ್ ಹೀಟರುಗಳು ಹತ್ತನ್ನು ಎಂಜಿನಿನೊಳಗಿಟ್ಟು ಎಡೆಬಿಡದೆ ಉರಿಸಿದಂತಾಯಿತು!

ಸಿಲಿಂಡರಿನಲ್ಲಿ ಉರಿಯುವ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸನ್ನೂ ಮೀರುವುದುಂಟು. ಎಂಜಿನಿನ ಹಲವು ಭಾಗಗಳನ್ನು ಮಾಡಿರುವ ಅಲ್ಯೂಮಿನಿಯಂ 660 ಡಿಗ್ರಿಯಲ್ಲೇ ಕರಗುವ ಲೋಹ. ಆದುದರಿಂದ ಶಾಖವನ್ನು ಹುಟ್ಟಿದಂತೆಲ್ಲ ಹೊರಕ್ಕೆ ಸಾಗಿಸಲೇಬೇಕು. ಈ ಕೆಲಸವನ್ನು ಮಾಡುವ ದ್ರವಕ್ಕೆ ಶೀತಕವೆಂದು ಹೆಸರು. ಅಂಗಡಿಗಳಲ್ಲಿ ಇದನ್ನೇ ಕೂಲೆಂಟ್ ಎನ್ನುವರು.

ನೀರಿನ ಗುಣ, ನೀರಿನ ಕೊರತೆ

ಶಾಖವನ್ನು ಹೊರುವುದರಲ್ಲಿ ನೀರಿಗೆ ಸಾಟಿಯಾದ ದ್ರವಗಳು ವಿರಳ. ಒಂದು ಗ್ರಾಂ ನೀರಿನ ಉಷ್ಣತೆ ಒಂದು ಡಿಗ್ರಿ ಏರಬೇಕಾದರೆ ಒಂದು ಕೆಲೊರಿ ಶಾಖ ಬೇಕು. ಅಷ್ಟೇ ತೂಕದ ತಾಮ್ರಕ್ಕೆ ಇದರ ಹತ್ತನೆಯ ಒಂದು ಭಾಗವೂ ಬೇಡ. ಪಂಪು ತಳ್ಳಿದ ನೀರು ಎಂಜಿನಿನ ಗೋಡೆಗಳ ನಡುವೆ ಹರಿದು ಶಾಖವನ್ನು ಹೀರಿ ರೇಡಿಯೇಟರಿಗೆ ಬರುವುದು. ಅಲ್ಲಿಯ ಸಣ್ಣ ಕೊಳವೆಗಳಲ್ಲಿ ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು ಹಿಂತಿರುಗುವುದು.

ಆದರೆ ನೀರು 100 ಡಿಗ್ರಿಯಲ್ಲಿ ಕುದಿಯುವುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಕುದಿಯಲು 97 ಡಿಗ್ರಿಯೇ ಸಾಕು. ಹಿಂದಿನ ಕಾಲದ ಬಸ್ಸುಗಳು ಘಾಟಿಯನ್ನು ಏರುವಾಗ ನಡುದಾರಿಯಲ್ಲಿ ನಿಂತು, ಹಬೆಯುಗುಳಿ, ಮತ್ತೆ ನೀರು ಕುಡಿದು ಮುಂದೆ ಸಾಗುತ್ತಿದ್ದುದನ್ನು ಹಿರಿಯರಿಂದ ಕೇಳಿರಬಹುದು. ಈ ಕೊರತೆಯನ್ನು ನೀಗಲು ಎರಡು ಉಪಾಯಗಳುಂಟು. ಒಂದು, ಒತ್ತಡ, ಇನ್ನೊಂದು, ನೀರಿಗೆ ಬೆರೆಸುವ ಗ್ಲೈಕಾಲ್.

ಮುಚ್ಚಳವೆಂಬ ಕಾವಲುಗಾರ

ದ್ರವದ ಮೇಲಿನ ಒತ್ತಡ ಹೆಚ್ಚಿದರೆ ಅದರ ಕುದಿಬಿಂದುವೂ ಏರುವುದು. ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿಯು 1679ರಲ್ಲಿ ಬಿಗಿಮುಚ್ಚಳದ ಪಾತ್ರೆಯೊಂದನ್ನು ರಚಿಸಿ, ಅದರಲ್ಲಿ ಮೂಳೆಗಳನ್ನೂ ಮೆತ್ತಗಾಗುವಂತೆ ಬೇಯಿಸಿ ತೋರಿಸಿದನು. ನಮ್ಮ ಅಡಿಗೆಮನೆಯ ಕುಕ್ಕರು ಅದರ ವಂಶದ್ದೇ. ರೇಡಿಯೇಟರಿನ ಮುಚ್ಚಳವೂ ಇದೇ ತತ್ತ್ವದಂತೆ ಕೆಲಸ ಮಾಡುವುದು. ಅದರೊಳಗಿನ ಸ್ಪ್ರಿಂಗು ಒಂದು ಕವಾಟವನ್ನು ಅದುಮಿ ಹಿಡಿದಿರುವುದು. ಒಳಗಿನ ಒತ್ತಡವು ಹೊರಗಿನದಕ್ಕಿಂತ ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚಾಗುವ ತನಕ ಈ ಕವಾಟ ತೆರೆಯದು. ಆ ಒತ್ತಡದಲ್ಲಿ ನೀರು ಕುದಿಯಬೇಕಾದರೆ 120 ಡಿಗ್ರಿ ಬೇಕು.

ಅಪಾಯವು ಅಡಗಿರುವುದು ಇಲ್ಲಿಯೇ. ರೇಡಿಯೇಟರಿನಲ್ಲಿ ಬರಿಯ ನೀರೇ ಇದ್ದು, ಅದು 115 ಡಿಗ್ರಿಯಷ್ಟು ಕಾದಿದೆಯೆಂದಿಟ್ಟುಕೊಳ್ಳೋಣ. ಮುಚ್ಚಳವಿರುವಷ್ಟು ಹೊತ್ತು ಅದು ಶಾಂತವಾಗಿ ತೋರುವುದು. ಯಾರೋ ಮುಚ್ಚಳವನ್ನು ತಿರುಗಿಸಿದೊಡನೆ ಒತ್ತಡ ಕುಸಿಯುವುದು. ಕುದಿಬಿಂದು 100 ಡಿಗ್ರಿಗೆ ಇಳಿಯುವುದು. ಹೆಚ್ಚಾಗಿ ಉಳಿದ 15 ಡಿಗ್ರಿಯ ಶಾಖ ಎಲ್ಲಿಗೆ ಹೋಗಬೇಕು? ಒಂದು ಲೀಟರು ನೀರಿನಲ್ಲಿ ಅದು ಸುಮಾರು 15,000 ಕೆಲೊರಿ. ಒಂದು ಗ್ರಾಂ ನೀರು ಹಬೆಯಾಗಲು ಬೇಕಾದ ಗುಪ್ತೋಷ್ಣ 540 ಕೆಲೊರಿ. ಆದುದರಿಂದ ಸುಮಾರು 28 ಗ್ರಾಂ ನೀರು ಕ್ಷಣಾರ್ಧದಲ್ಲಿ ಹಬೆಯಾಗುವುದು. ಇದು ಅಲ್ಪವೆಂದು ತೋರಬಹುದು. ಆದರೆ ಒಂದು ಗ್ರಾಂ ಹಬೆ ಆಕ್ರಮಿಸುವ ಸ್ಥಳ ಸುಮಾರು 1,700 ಘನ ಸೆಂಟಿಮೀಟರು. 28 ಗ್ರಾಮಿಗೆ 47 ಲೀಟರಿಗಿಂತಲೂ ಹೆಚ್ಚು! ರೇಡಿಯೇಟರಿನ ಸಣ್ಣ ಬಾಯಿಯ ಮೂಲಕ ಇಷ್ಟು ಹಬೆ ನುಗ್ಗುವಾಗ, ತನ್ನ ಮುಂದಿರುವ ಕುದಿನೀರನ್ನೂ ಚಿಮ್ಮಿಸಿಕೊಂಡು ಬರುವುದು. ಮುಚ್ಚಳದ ಮೇಲೆ ಬಾಗಿದ ಮುಖಕ್ಕೂ ಕೈಗಳಿಗೂ ಅದು ತಾಗುವುದು. ಬಟ್ಟೆಯನ್ನೋ ಗೋಣಿಯನ್ನೋ ಹೊದಿಸಿ ತಿರುಗಿಸಿದರೆ ಸಾಕೆಂಬ ನಂಬಿಕೆ ಸಲ್ಲದು. ಈ ಲೆಕ್ಕವನ್ನು ಬಟ್ಟೆಯು ಬದಲಾಯಿಸಲಾರದು. ಎಂಜಿನು ತಣ್ಣಗಾಗುವ ತನಕ ಮುಚ್ಚಳವನ್ನು ಮುಟ್ಟಕೂಡದು. ಇಂದಿನ ಅನೇಕ ಕಾರುಗಳಲ್ಲಿ ಒತ್ತಡದ ಮುಚ್ಚಳವು ಪಕ್ಕದ ಪ್ಲಾಸ್ಟಿಕ್ ತೊಟ್ಟಿಯ ಮೇಲಿರುವುದು. ನಿಯಮ ಅದಕ್ಕೂ ಒಂದೇ.

ಗ್ಲೈಕಾಲಿನ ಪಾತ್ರ

ಎಥಿಲೀನ್ ಗ್ಲೈಕಾಲನ್ನೂ ನೀರನ್ನೂ ಸಮಪಾಲಿನಲ್ಲಿ ಬೆರೆಸಿದರೆ, ಆ ಮಿಶ್ರಣವು ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಯಲ್ಲಿ ಕುದಿಯುವುದು. ಶೂನ್ಯಕ್ಕಿಂತ ಸುಮಾರು 37 ಡಿಗ್ರಿ ಕೆಳಗೆ ಇಳಿದಾಗ ಮಾತ್ರ ಹೆಪ್ಪುಗಟ್ಟುವುದು. ಹಾಗಾದರೆ ಗ್ಲೈಕಾಲನ್ನೇ ಪೂರ್ತಿಯಾಗಿ ಏಕೆ ತುಂಬಬಾರದು? ಶುದ್ಧ ಗ್ಲೈಕಾಲಿನ ವಿಶಿಷ್ಟೋಷ್ಣವು ನೀರಿನದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಮೇಲಾಗಿ ಅದು ಶೂನ್ಯಕ್ಕಿಂತ ಸುಮಾರು 13 ಡಿಗ್ರಿ ಕೆಳಗೇ ಹೆಪ್ಪುಗಟ್ಟುವುದು. ಮಿಶ್ರಣವೇ ಎರಡಕ್ಕಿಂತಲೂ ಮೇಲು.

ಶೀತಕದಲ್ಲಿ ಲೋಹದ ಸವೆತವನ್ನು ತಡೆಯುವ ಕೆಲವು ಲವಣಗಳನ್ನೂ ಆಮ್ಲಗಳನ್ನೂ ಸೇರಿಸಿರುವರು. ಗ್ಲೈಕಾಲು ಉಳಿದರೂ ಇವು ಕ್ರಮೇಣ ವ್ಯಯವಾಗುವುವು. ಬಳಿಕ ತುಕ್ಕು ಹಿಡಿದು ಸಣ್ಣ ಕೊಳವೆಗಳು ಕಟ್ಟಿಕೊಳ್ಳುವುವು. ಗೊತ್ತಾದ ಅವಧಿಗೆ ಶೀತಕವನ್ನು ಬದಲಾಯಿಸುವುದು ಇದಕ್ಕಾಗಿ. ಅವಧಿಯನ್ನೂ ದ್ರವದ ಬಗೆಯನ್ನೂ ಗಾಡಿಯ ಕೈಪಿಡಿಯಲ್ಲಿ ನೋಡಬೇಕು. ಹಸಿರು, ಕೆಂಪು ಮುಂತಾದ ಬಣ್ಣವನ್ನು ನಂಬಬಾರದು. ಬೇರೆಬೇರೆ ಬಗೆಗಳನ್ನು ಬೆರೆಸಲೂ ಬಾರದು. ಕೊಳವೆಬಾವಿಯ ಗಡಸು ನೀರು ಕಾದ ಗೋಡೆಗಳ ಮೇಲೆ ಸುಣ್ಣದ ಪದರವನ್ನು ಕಟ್ಟಿ ಶಾಖವನ್ನು ತಡೆಯುವುದರಿಂದ, ಬೆರೆಸುವ ನೀರು ಬಟ್ಟಿಯಿಳಿಸಿದ್ದಾಗಿರಬೇಕು.

ಬದಲಾಯಿಸುವ ಕ್ರಮ

1. ಗಾಡಿಯನ್ನು ಬಯಲಿನಲ್ಲಿ, ಸಮನೆಲದ ಮೇಲೆ ನಿಲ್ಲಿಸಿ, ಕೈಬ್ರೇಕು ಹಾಕಿ, ಚಕ್ರಗಳಿಗೆ ಅಡ್ಡಗಲ್ಲು ಕೊಡಬೇಕು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನುಸುಳಕೂಡದು.

2. ಎಂಜಿನನ್ನು ನಿಲ್ಲಿಸಿ ಇಡೀ ರಾತ್ರಿ ಬಿಡುವುದು ಉತ್ತಮ. ಬೀಗದ ಕೈಯನ್ನು ತೆಗೆದಿಡಬೇಕು. ವಿದ್ಯುತ್ ಫ್ಯಾನು ಎಂಜಿನು ನಿಂತ ಮೇಲೂ ತಾನಾಗಿ ತಿರುಗುವುದುಂಟು.

3. ರೇಡಿಯೇಟರಿನ ತಳದಲ್ಲಿ ಅಗಲಬಾಯಿಯ ಪಾತ್ರೆಯನ್ನಿಟ್ಟು, ಮೇಲಿನ ಮುಚ್ಚಳವನ್ನು ನಿಧಾನವಾಗಿ ತೆರೆದು, ಬಳಿಕ ತಳದ ಬಿರಡೆಯನ್ನು ಬಿಚ್ಚಬೇಕು. ಕೈಗವಸೂ ಕನ್ನಡಕವೂ ಇರಲಿ.

4. ಹಳೆಯ ದ್ರವ ಇಳಿದ ಮೇಲೆ ಬಟ್ಟಿಯಿಳಿಸಿದ ನೀರನ್ನು ತುಂಬಿ, ಎಂಜಿನನ್ನು ನಡೆಸಿ, ಪೂರ್ತಿ ತಣಿಸಿ, ಮತ್ತೆ ಇಳಿಸಬೇಕು. ಬರುವ ನೀರು ತಿಳಿಯಾಗುವ ತನಕ ಹೀಗೆ ಮಾಡುವುದು.

5. ಇಳಿದ ನೀರನ್ನು ಅಳೆಯಬೇಕು. ವ್ಯವಸ್ಥೆಯ ಒಟ್ಟು ಹಿಡಿತ 6 ಲೀಟರಾಗಿದ್ದು, 4 ಲೀಟರು ಮಾತ್ರ ಹೊರಬಂದರೆ, 2 ಲೀಟರು ನೀರು ಎಂಜಿನಿನಲ್ಲೇ ಉಳಿದಿದೆ. ಸಮಪಾಲಿನ ಮಿಶ್ರಣಕ್ಕೆ ಆಗ 3 ಲೀಟರು ನೀರು ಬೆರೆಸದ ಶೀತಕವನ್ನೂ 1 ಲೀಟರು ನೀರನ್ನೂ ಹಾಕಬೇಕು. ಬೆರೆಸಿ ಮಾರುವ ದ್ರವವನ್ನೇ 4 ಲೀಟರು ಸುರಿದರೆ ಮಿಶ್ರಣ ತೆಳುವಾಗುವುದು.

6. ಬಿರಡೆಯನ್ನು ಭದ್ರಪಡಿಸಿ ನಿಧಾನವಾಗಿ ಸುರಿಯಬೇಕು. ಒಳಗೆ ಸಿಕ್ಕಿಕೊಂಡ ಗಾಳಿಯು ದ್ರವದ ಹರಿವನ್ನು ತಡೆಯುವುದರಿಂದ, ಅದನ್ನು ಹೊರಡಿಸುವ ಕ್ರಮವನ್ನು ಕೈಪಿಡಿಯಂತೆ ಅನುಸರಿಸಬೇಕು. ಮುಚ್ಚಳವನ್ನು ಹಾಕಿ, ಥರ್ಮೋಸ್ಟಾಟ್ ತೆರೆಯುವ ತನಕ ಎಂಜಿನನ್ನು ನಡೆಸಿ, ತಣಿದ ಬಳಿಕ ಮಟ್ಟವನ್ನು ಮತ್ತೆ ನೋಡಬೇಕು. ಮುಚ್ಚಿದ ಷೆಡ್ಡಿನೊಳಗೆ ಎಂಜಿನನ್ನು ನಡೆಸಕೂಡದು. ಕಾರ್ಬನ್ ಮಾನಾಕ್ಸೈಡು ವಾಸನೆಯಿಲ್ಲದ ವಿಷ.

ವಿದ್ಯುತ್ ಕಾರುಗಳಲ್ಲಿಯೂ ಬ್ಯಾಟರಿಯನ್ನು ತಣಿಸುವ ದ್ರವವಿರಬಹುದು. ಅಲ್ಲಿ ನೂರಾರು ವೋಲ್ಟುಗಳ ಅಪಾಯವಿರುವುದರಿಂದ ಆ ಕೆಲಸವನ್ನು ತರಬೇತಾದವರಿಗೇ ಬಿಡಬೇಕು.

ಸಿಹಿಯಾದ ವಿಷ

ಬೋಗುಣಿಯಲ್ಲಿ ಉಳಿದ ಹಳೆಯ ದ್ರವದ ವಿಚಾರವನ್ನು ಕೊನೆಗೆ ಹೇಳಿದರೂ ಅದು ಕಡೆಯ ಮಾತಲ್ಲ. ಎಥಿಲೀನ್ ಗ್ಲೈಕಾಲು ಸಿಹಿಯಾಗಿರುವುದು. ನಾಯಿ, ಬೆಕ್ಕುಗಳು ಅದನ್ನು ನೆಕ್ಕುವುವು. ಬಣ್ಣದ ನೀರೆಂದು ಮಕ್ಕಳು ಕುಡಿದಾರು. ದೇಹದೊಳಗೆ ಯಕೃತ್ತು ಅದನ್ನು ಆಮ್ಲಗಳನ್ನಾಗಿ ಮಾರ್ಪಡಿಸುವುದು. ಕೊನೆಗೆ ಹುಟ್ಟುವ ಆಕ್ಸಾಲಿಕ್ ಆಮ್ಲವು ಕ್ಯಾಲ್ಸಿಯಂ ಜೊತೆ ಕೂಡಿ ಹರಳುಗಟ್ಟಿ ಮೂತ್ರಪಿಂಡಗಳನ್ನು ಕೆಡಿಸುವುದು. ಸುಮಾರು 100 ಮಿಲಿಲೀಟರು ಬೆಳೆದ ಮನುಷ್ಯನಿಗೂ ಮಾರಕವಾಗಬಲ್ಲದು. ಕುಡಿದವರು ಮೊದಲು ಅಮಲೇರಿದಂತೆ ಮಾತ್ರ ತೋರುವುದರಿಂದ ಮೋಸಹೋಗದೆ, ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಆದುದರಿಂದ ಹಳೆಯ ದ್ರವವನ್ನು ಚರಂಡಿಗಾಗಲಿ ಮರದ ಬುಡಕ್ಕಾಗಲಿ ಚೆಲ್ಲದೆ, ಬಿಗಿಯಾದ ಡಬ್ಬದಲ್ಲಿ ಹೆಸರು ಬರೆದಿಟ್ಟು, ಅದನ್ನು ಸರಿಯಾಗಿ ವಿಲೇವಾರಿ ಮಾಡುವ ಗ್ಯಾರೇಜಿಗೆ ಒಪ್ಪಿಸಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ಅದನ್ನು ಎಂದಿಗೂ ತುಂಬಿಡಕೂಡದು.

ಕುದಿಬಿಂದು, ಗುಪ್ತೋಷ್ಣ, ವಿಶಿಷ್ಟೋಷ್ಣ ಎಂಬ ಮಾತುಗಳನ್ನು ನಾವು ಪರೀಕ್ಷೆಗಾಗಿ ಕಲಿಯುವೆವು. ಆದರೆ ದಾರಿಯ ಬದಿಯಲ್ಲಿ ಹಬೆಯಾಡುವ ಕಾರಿನ ಮುಂದೆ ನಿಂತು, ಮುಚ್ಚಳದತ್ತ ಚಾಚಿದ ಕೈಯೊಂದನ್ನು ತಡೆದು, ಅರ್ಧ ಗಂಟೆಗೂ ಮಿಗಿಲಾಗಿ ಕಾಯುವಂತೆ ಹೇಳಬಲ್ಲವನೇ ಅವುಗಳ ಅರ್ಥವನ್ನು ನಿಜವಾಗಿ ಅರಿತವನು.