ಆರೈಕೆಯ ಕೆಲಸಕ್ಕೆ ಮುನ್ನ ಹಿನ್ನೆಲೆ ತಪಾಸಣೆ: ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರು ತಿಳಿದಿರಬೇಕಾದದ್ದು

ಮೆಲ್ಬರ್ನಿಗೋ ಸಿಡ್ನಿಗೋ ಓದಲು ಹೋದ ನಮ್ಮ ಹುಡುಗ ಹುಡುಗಿಯರಲ್ಲಿ ಕೆಲವರು ಬಿಡುವಿನ ವೇಳೆಯಲ್ಲಿ ಅಂಗವಿಕಲರ ಆರೈಕೆಯ ಕೆಲಸಕ್ಕೆ ಸೇರುತ್ತಾರೆ. ಅಲ್ಲಿ ಅವರಿಗೆ ‘ಸಪೋರ್ಟ್ ವರ್ಕರ್’ ಎಂಬ ಹೆಸರು. ಸ್ನಾನ ಮಾಡಿಸುವುದು, ಉಣಿಸುವುದು, ಗಾಲಿಕುರ್ಚಿಯಿಂದ ಹಾಸಿಗೆಗೆ ಎತ್ತಿ ಮಲಗಿಸುವುದು, ಅಂಗಡಿಗೆ ಕರೆದೊಯ್ದು ಅವರದೇ ಕಾರ್ಡಿನಿಂದ ಸಾಮಾನು ಕೊಳ್ಳಲು ನೆರವಾಗುವುದು ಇವರ ಕೆಲಸ. ಒಬ್ಬರ ಮೈ, ಮನೆಯ ಬೀಗದ ಕೈ, ದುಡ್ಡು ಮೂರೂ ಹೊರಗಿನವರ ಕೈಗೆ ಹೋಗುತ್ತವೆ. ಹೀಗಾಗಿ ಸೇರುವ ಮುನ್ನ ಆಗುವ ಹಿನ್ನೆಲೆ ತಪಾಸಣೆಯನ್ನು ಮತ್ತೊಂದು ಸರ್ಕಾರಿ ಕಾಗದವೆಂದು ಎಣಿಸಬೇಡಿ. ಅದು ಆರೈಕೆ ಪಡೆಯುವವರ ಹಕ್ಕು.

ಅಲ್ಲಿನ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆ, ಅಂದರೆ ಎನ್‌ಡಿಐಎಸ್, 2013ರ ಕಾಯ್ದೆಯಿಂದ ಬಂದದ್ದು. ಮೊದಲು ತಪಾಸಣೆಯ ನಿಯಮ ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆಯಾಗಿತ್ತು. 2021ರ ಫೆಬ್ರುವರಿ 1ರಿಂದ ಬಹುತೇಕ ಎಲ್ಲ ಕಡೆ, ಅದೇ ವರ್ಷದ ಜುಲೈ 1ರಿಂದ ನಾರ್ದರ್ನ್ ಟೆರಿಟರಿಯಲ್ಲೂ ಒಂದೇ ರಾಷ್ಟ್ರೀಯ ಪದ್ಧತಿ ಜಾರಿಗೆ ಬಂತು. ಒಂದು ರಾಜ್ಯದಲ್ಲಿ ಸಿಕ್ಕ ಅನುಮತಿ, ಅಂದರೆ ಕ್ಲಿಯರೆನ್ಸ್, ಈಗ ದೇಶದುದ್ದಕ್ಕೂ ನಡೆಯುತ್ತದೆ. ಒಂದು ರಾಜ್ಯ ಹೊರಗಿಟ್ಟವರಿಗೆ ಪಕ್ಕದ ರಾಜ್ಯದಲ್ಲೂ ಬಾಗಿಲು ಮುಚ್ಚಿರುತ್ತದೆ.

ನೋಂದಾಯಿತ ಸಂಸ್ಥೆಗಳು ‘ಅಪಾಯ ಅಂದಾಜಿಸಿದ ಹುದ್ದೆ’ಗಳಿಗೆ ಅನುಮತಿ ಇದ್ದವರನ್ನೇ ನೇಮಿಸಬೇಕು. ಸಂಸ್ಥೆಯನ್ನು ನಡೆಸುವ ಮುಖ್ಯಸ್ಥರು, ನಿಗದಿತ ಸೇವೆಗಳನ್ನು ನೇರವಾಗಿ ಕೊಡುವವರು, ದಿನನಿತ್ಯದ ಕೆಲಸದಲ್ಲಿ ಅಂಗವಿಕಲರೊಡನೆ ಆಕಸ್ಮಿಕ ಭೇಟಿಗಿಂತ ಹೆಚ್ಚಿನ ಒಡನಾಟ ಇರುವವರು ಈ ಪಟ್ಟಿಗೆ ಬರುತ್ತಾರೆ. ಕಚೇರಿಯಲ್ಲಿ ಕೂತು ಲೆಕ್ಕ ಬರೆಯುವವರಿಗೆ ಸಾಮಾನ್ಯವಾಗಿ ಬೇಕಿಲ್ಲ.

ಅರ್ಜಿಯನ್ನು ರಾಜ್ಯದ ತಪಾಸಣಾ ಘಟಕಕ್ಕೆ ಹಾಕಬೇಕು. ನ್ಯೂ ಸೌತ್ ವೇಲ್ಸ್‌ನಲ್ಲಿ ಸರ್ವಿಸ್ ಎನ್‌ಎಸ್‌ಡಬ್ಲ್ಯೂ, ವಿಕ್ಟೋರಿಯಾದಲ್ಲಿ ಸರ್ವಿಸ್ ವಿಕ್ಟೋರಿಯಾ ಮೂಲಕ. ಗುರುತಿನ ದಾಖಲೆ ತೋರಿಸಿ, ಶುಲ್ಕ ಕಟ್ಟಿ, ಉದ್ಯೋಗ ಕೊಡುವವರ ಹೆಸರು ನಮೂದಿಸಬೇಕು. ಹಲವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ‘ಹೌದು, ಇವರು ನಮ್ಮವರು’ ಎಂದು ಉದ್ಯೋಗದಾತರು ರಾಷ್ಟ್ರೀಯ ದತ್ತಾಂಶ ಪಟ್ಟಿಯಲ್ಲಿ ದೃಢೀಕರಿಸದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ದುಡ್ಡು ಕಟ್ಟಿ ವಾರಗಟ್ಟಲೆ ಕಾಯುವ ಬದಲು ಕಚೇರಿಗೆ ಒಂದು ಕರೆ ಮಾಡಿ ದೃಢೀಕರಣ ಆಗಿದೆಯೇ ಎಂದು ಕೇಳಿ. ಸಂಸ್ಥೆ ಬದಲಿಸಿದರೆ ಹೊಸ ಅರ್ಜಿ ಬೇಡ. ಹೊಸ ಸಂಸ್ಥೆ ಪಟ್ಟಿಯಲ್ಲಿ ನಿಮ್ಮನ್ನು ತನ್ನೊಡನೆ ಜೋಡಿಸಿಕೊಂಡರೆ ಸಾಕು. ಅರ್ಜಿ ಬಾಕಿ ಇರುವಾಗಲೇ ಕೆಲಸ ಆರಂಭಿಸಬಹುದೇ ಎಂಬುದು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ವೀನ್ಸ್‌ಲ್ಯಾಂಡಿನದು ‘ಕಾರ್ಡ್ ಇಲ್ಲದೆ ಕೆಲಸ ಇಲ್ಲ’ ಎಂಬ ಕಟ್ಟುನಿಟ್ಟಿನ ನಿಯಮ.

ಪೊಲೀಸ್ ಪ್ರಮಾಣಪತ್ರ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಪೊಲೀಸ್ ಪತ್ರ ಹೇಳುವುದು ಅದು ಹೊರಬಂದ ದಿನದ ಸ್ಥಿತಿಯನ್ನಷ್ಟೇ. ಈ ತಪಾಸಣೆ ಅಪರಾಧ ದಾಖಲೆಯ ಜೊತೆಗೆ ಹಿಂದಿನ ಕೆಲಸದಲ್ಲಿ ನಡೆದ ಶಿಸ್ತುಕ್ರಮ, ದುರ್ನಡತೆಯ ಮಾಹಿತಿಯನ್ನೂ ತೂಗುತ್ತದೆ. ಅನುಮತಿ 5 ವರ್ಷ ಇರುತ್ತದೆ, ಆ ಅವಧಿಯುದ್ದಕ್ಕೂ ನಿಗಾ ಇರುತ್ತದೆ. ನಡುವೆ ಹೊಸ ಪ್ರಕರಣ ದಾಖಲಾದರೆ ಅನುಮತಿಯನ್ನು ಅಮಾನತಿನಲ್ಲಿಡಬಹುದು, ರದ್ದೂ ಮಾಡಬಹುದು.

ಹಾಗೆಂದು ಹಳೆಯ ಸಣ್ಣ ತಪ್ಪೊಂದಕ್ಕೆ ಹೆದರಿ ಅದನ್ನು ಮುಚ್ಚಿಡಬೇಡಿ. ಕೊಲೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧದಂಥವು ಬಾಗಿಲು ಮುಚ್ಚುತ್ತವೆ. ಉಳಿದವನ್ನು ಅವುಗಳ ಗಂಭೀರತೆ, ಕಳೆದ ಕಾಲ, ನಂತರದ ನಡವಳಿಕೆ ನೋಡಿ ತೀರ್ಮಾನಿಸುತ್ತಾರೆ. ವಿರುದ್ಧ ತೀರ್ಮಾನಕ್ಕೆ ಮುನ್ನ ಸಾಮಾನ್ಯವಾಗಿ ಕಾರಣ ತಿಳಿಸಿ ಉತ್ತರ ಕೊಡಲು ಅವಕಾಶ ಕೊಡುತ್ತಾರೆ. ಆ ಪತ್ರ ಬಂದರೆ ಗಡುವು ಮೀರಿಸದೆ ಉತ್ತರಿಸಿ. ಅನುಮತಿ ನಿರಾಕರಣೆಯಾದರೆ ಮರುಪರಿಶೀಲನೆ ಕೋರಬಹುದು. ನ್ಯೂ ಸೌತ್ ವೇಲ್ಸ್‌ನಲ್ಲಿ ಎನ್‌ಕ್ಯಾಟ್, ವಿಕ್ಟೋರಿಯಾದಲ್ಲಿ ವಿಕ್ಯಾಟ್ ಎಂಬ ನ್ಯಾಯಮಂಡಳಿಗಳಿವೆ.

ವಿದ್ಯಾರ್ಥಿಗಳಿಗೆ ಇನ್ನೆರಡು ಮಾತು. ಈ ಅನುಮತಿ ವೀಸಾದ ಷರತ್ತನ್ನು ಸಡಿಲಿಸುವುದಿಲ್ಲ: ತರಗತಿ ನಡೆಯುವ ಅವಧಿಯಲ್ಲಿ ಎರಡು ವಾರಕ್ಕೆ 48 ಗಂಟೆಯ ಮಿತಿ 2023ರ ಜುಲೈ 1ರಿಂದ ಜಾರಿಯಲ್ಲಿದೆ. ಊರಿನ ಪೊಲೀಸ್ ಪ್ರಮಾಣಪತ್ರವನ್ನೂ ತನ್ನಿ ಎನ್ನುವ ಸಂಸ್ಥೆಗಳಿವೆ. ಹೊರಡುವ ಮುನ್ನವೇ ಪಾಸ್‌ಪೋರ್ಟ್ ಕಚೇರಿಯಿಂದ ಅದನ್ನು ಪಡೆದಿಟ್ಟುಕೊಂಡರೆ ಅಲೆದಾಟ ತಪ್ಪುತ್ತದೆ.

ಅಲ್ಲಿಯೇ ನೆಲೆಸಿ, ಮನೆಯಲ್ಲಿ ಅಂಗವಿಕಲ ಮಗನನ್ನೋ ಮಗಳನ್ನೋ ಸಾಕುತ್ತಿರುವ ಕನ್ನಡ ಕುಟುಂಬಗಳು ಗಮನಿಸಬೇಕಾದದ್ದು ಬೇರೆಯೇ ಇದೆ. ನೋಂದಣಿ ಇಲ್ಲದ ಸೇವಾದಾರರಿಗೆ ಈ ತಪಾಸಣೆ ಎಲ್ಲ ಕೆಲಸಕ್ಕೂ ಕಡ್ಡಾಯವಲ್ಲ. ಪರಿಚಯದವರು ಹೇಳಿದರೆಂದು, ನಮ್ಮ ಊರಿನವರೆಂದು, ಕೇಳಲು ಸಂಕೋಚವೆಂದು ಸುಮ್ಮನಿರಬೇಡಿ. ‘ನಿಮ್ಮ ಕ್ಲಿಯರೆನ್ಸ್ ತೋರಿಸಿ’ ಎಂದು ಕೇಳುವ ಹಕ್ಕು ನಿಮಗಿದೆ. ಯೋಜನೆಯ ಹಣವನ್ನು ನೀವೇ ನಿರ್ವಹಿಸುತ್ತಿದ್ದರೆ ದತ್ತಾಂಶ ಪಟ್ಟಿಯಲ್ಲಿ ನೀವೇ ಪರಿಶೀಲಿಸಲು ಪ್ರವೇಶ ಕೋರಬಹುದು.

ತಪಾಸಣೆ ಆಯಿತೆಂದು ಕಣ್ಣು ಮುಚ್ಚುವಂತೆಯೂ ಇಲ್ಲ. 2020ರ ಏಪ್ರಿಲ್‌ನಲ್ಲಿ ಅಡಿಲೇಡ್‌ನಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ 54 ವರ್ಷದ ಮಹಿಳೆಯೊಬ್ಬರು ಸತ್ತರು. ಎನ್‌ಡಿಐಎಸ್ ಹಣದಲ್ಲೇ ಅವರಿಗೆ ಆರೈಕೆ ಸಿಗಬೇಕಿತ್ತು. ಒಂದು ವರ್ಷಕ್ಕೂ ಮೇಲ್ಪಟ್ಟು ಬೆತ್ತದ ಕುರ್ಚಿಯೊಂದರಲ್ಲೇ ಅವರು ಹಗಲಿರುಳು ಕೂತಿದ್ದರು, ಮೈಯೆಲ್ಲ ಹುಣ್ಣಾಗಿತ್ತು. ನೋಡಿಕೊಳ್ಳಲು ಮನೆಗೆ ಬರುತ್ತಿದ್ದುದು ಒಬ್ಬಳೇ ಆರೈಕೆದಾರಳು, ಆಕೆ ನರಹತ್ಯೆಯ ಅಪರಾಧವನ್ನು ಒಪ್ಪಿಕೊಂಡು ಜೈಲಿಗೆ ಹೋದಳು. ಅಪಾಯದ ಸ್ಥಿತಿಯಲ್ಲಿರುವ ಯಾರನ್ನೂ ಮನೆಯಲ್ಲಿ ಒಬ್ಬನೇ ಆರೈಕೆದಾರನ ವಶಕ್ಕೆ ಬಿಡಬಾರದು ಎಂದು ನಂತರದ ಸ್ವತಂತ್ರ ವಿಚಾರಣೆ ಶಿಫಾರಸು ಮಾಡಿತು. ಎರಡನೆಯ ಜೋಡಿ ಕಣ್ಣು ಮನೆಯೊಳಗೆ ಬರುತ್ತಿರಲೇಬೇಕು.

ಮೈಮೇಲೆ ಗಾಯ, ಲೆಕ್ಕಕ್ಕೆ ಸಿಗದ ಹಣ, ಆರೈಕೆದಾರರ ಹೆಸರು ಕೇಳಿದರೇ ಅಂಜುವ ಮಗು ಕಂಡರೆ ಎನ್‌ಡಿಐಎಸ್ ಗುಣಮಟ್ಟ ಮತ್ತು ಸುರಕ್ಷತಾ ಆಯೋಗದ 1800 035 544 ಸಂಖ್ಯೆಗೆ ಕರೆ ಮಾಡಿ ದೂರು ಕೊಡಿ. ಇಂಗ್ಲಿಷ್ ತೊಡಕಾದರೆ 131 450ಕ್ಕೆ ಕರೆ ಮಾಡಿ ದುಭಾಷಿಯನ್ನು ಕೇಳಿ. ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ ಕಾಯಬೇಡಿ, ಮೊದಲು 000 ಒತ್ತಿ.