ಪ್ಯಾಕೆಟ್ಟಿನ ಹಿಂಬದಿ

ನಾವು ಚಿಕ್ಕವರಿದ್ದಾಗ ನಮ್ಮ ಮನೆಗೆ ಬ್ರೆಡ್ ಬರುತ್ತಿದ್ದುದು ಜ್ವರದ ಜೊತೆಯಲ್ಲಿ. ಯಾರಿಗಾದರೂ ಮೈ ಬಿಸಿಯಾಯಿತೆಂದರೆ ಅಪ್ಪ ಅರಸೀಕೆರೆಯ ಅಯ್ಯಂಗಾರ್ ಬೇಕರಿಗೆ ಹೋಗಿ ಒಂದು ಬ್ರೆಡ್ ತರುತ್ತಿದ್ದರು. ಅಮ್ಮ ಅದನ್ನು ಬಿಸಿಹಾಲಿನಲ್ಲಿ ಅದ್ದಿ, ಮೇಲೆ ಚೂರು ಸಕ್ಕರೆ ಉದುರಿಸಿ ಕೊಡುತ್ತಿದ್ದಳು. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವವರ ಕೈಯಲ್ಲೂ ಒಂದು ಬ್ರೆಡ್, ನಾಲ್ಕು ಮೂಸಂಬಿ ಇರುತ್ತಿದ್ದವು. ಬ್ರೆಡ್ ಹಗುರ, ಬೇಗ ಅರಗುತ್ತದೆ ಎಂಬುದು ಎಲ್ಲರ ನಂಬಿಕೆ. ಬೇಗ ಅರಗುವ ಆ ಗುಣವೇ ಸಕ್ಕರೆ ಕಾಯಿಲೆಯವರಿಗೆ ತೊಂದರೆ ಎಂದು ನಾನು ಅರಿಯುವ ಹೊತ್ತಿಗೆ ಅಪ್ಪನ ವಯಸ್ಸು ಎಪ್ಪತ್ತೈದು ದಾಟಿತ್ತು.

ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಅಮ್ಮ ಹೋದ ಮೇಲೆ, 2015ರಲ್ಲಿ, ಮೈಸೂರಿಗೆ ನಮ್ಮ ಮನೆಗೆ ಬಂದರು. ಆ ವರ್ಷವೇ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ, ಮೈದಾ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದರು. ನಾನೂ ನನ್ನ ಯಜಮಾನರೂ ಬೆಳಿಗ್ಗೆ ಎಂಟಕ್ಕೆಲ್ಲ ಕೆಲಸಕ್ಕೆ ಹೊರಡುವವರು. ಅಪ್ಪ ತಾವೇ ಹೆಂಚಿನ ಮೇಲೆ ಬಿಸಿ ಮಾಡಿಕೊಂಡು ತಿನ್ನುವುದಕ್ಕೆ ಬ್ರೆಡ್ ಅನುಕೂಲ. ಬಿಳಿಯದು ಬೇಡ, ಬ್ರೌನ್ ಬ್ರೆಡ್ ತರೋಣ ಎಂದು ತೀರ್ಮಾನಿಸಿದವಳು ನಾನೇ. ಕಂದು ಬಣ್ಣ, ಪ್ಯಾಕೆಟ್ಟಿನ ಮೇಲೆ ಗೋಧಿ ತೆನೆಯ ಚಿತ್ರ, ಬಿಳಿ ಬ್ರೆಡ್ಡಿಗಿಂತ ಹತ್ತು ರೂಪಾಯಿ ಹೆಚ್ಚು. ಇಷ್ಟಿದ್ದ ಮೇಲೆ ಅದು ಗೋಧಿಯದೇ ಎಂದುಕೊಂಡೆ. ಅಪ್ಪನಿಗೆ ಅದರ ರುಚಿ ಹಿಡಿಸಲೇ ಇಲ್ಲ. ಆದರೂ ಔಷಧಿ ನುಂಗುವಷ್ಟೇ ನಿಷ್ಠೆಯಿಂದ ದಿನಕ್ಕೆ ನಾಲ್ಕು ಸ್ಲೈಸ್ ತಿಂದರು. ಒಂದು ದಿನವಲ್ಲ, ನಾಲ್ಕು ವರ್ಷ.

ಈ ನಡುವೆ ಎಚ್ಚರವಾಗಲು ಒಂದು ಅವಕಾಶ ಬಂದಿತ್ತು. 2016ರ ಮೇ ತಿಂಗಳಲ್ಲಿ ಬ್ರೆಡ್ ದೊಡ್ಡ ಸುದ್ದಿಯಾಯಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಅಲ್ಲಿ ಮಾರುವ ಬ್ರೆಡ್, ಬನ್, ಪಾವ್ ಮುಂತಾದ 38 ಮಾದರಿಗಳನ್ನು ಪರೀಕ್ಷೆ ಮಾಡಿಸಿದ್ದರು. ಅವುಗಳಲ್ಲಿ ಶೇ. 84ರಷ್ಟರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಉಳಿಕೆ ಸಿಕ್ಕಿತ್ತು. ಹಿಟ್ಟು ಚೆನ್ನಾಗಿ ಉಬ್ಬಲಿ, ಬ್ರೆಡ್ ಮೆತ್ತಗೆ ಬರಲಿ ಎಂದು ಹಾಕುತ್ತಿದ್ದ ರಾಸಾಯನಿಕಗಳು ಅವು. ಬ್ರೋಮೇಟಿನಿಂದ ಮನುಷ್ಯರಿಗೆ ಕ್ಯಾನ್ಸರ್ ಬರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದಕ್ಕೂ ಬಹಳ ಹಿಂದೆಯೇ ಎಚ್ಚರಿಸಿತ್ತು. ಜೂನ್‌ನಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ, ಬ್ರೋಮೇಟನ್ನು ನಿಷೇಧಿಸಿತು. ಆ ಒಂದು ತಿಂಗಳು ನಮ್ಮ ಮನೆಗೆ ಬ್ರೆಡ್ ಬರಲಿಲ್ಲ. ನಿಷೇಧವಾಯಿತು ಎಂದು ಓದಿದ ಮೇಲೆ ನಿಶ್ಚಿಂತೆಯಿಂದ ಅದೇ ಬ್ರೆಡ್ ಮತ್ತೆ ತಂದೆ. ವಿಷ ಇದೆಯೇ ಎಂದು ಹೆದರಿದೆನೇ ಹೊರತು, ಬ್ರೆಡ್ಡಿನಲ್ಲಿ ಇರುವುದಾದರೂ ಏನು ಎಂದು ಪ್ಯಾಕೆಟ್ ತಿರುಗಿಸಿ ನೋಡಲಿಲ್ಲ.

2019ರಲ್ಲಿ ಅಪ್ಪನ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ, 8.6ಕ್ಕೆ ಏರಿತು. ಡಾಕ್ಟರು ನಮ್ಮನ್ನು ಡಯಟಿಷಿಯನ್ ಹತ್ತಿರ ಕಳಿಸಿದರು. ಆಕೆ ಎಲ್ಲ ಕೇಳಿಸಿಕೊಂಡು, "ಮುಂದಿನ ಸಲ ಬರೋವಾಗ ಮನೇಲಿ ದಿನಾ ತಿನ್ನೋ ಪ್ಯಾಕೆಟ್ಟುಗಳನ್ನೆಲ್ಲ ತನ್ನಿ, ಖಾಲಿ ಆಗಿದ್ರೂ ಪರವಾಗಿಲ್ಲ" ಎಂದರು. ತೆಗೆದುಕೊಂಡು ಹೋದೆ. ಬ್ರೆಡ್ಡಿನ ಕವರನ್ನು ಮೇಜಿನ ಮೇಲೆ ಮಗುಚಿ ಹಾಕಿ, ಅಂಗೈಯಲ್ಲಿ ಸವರಿ ಸುಕ್ಕು ಬಿಡಿಸಿ, "ಅಮ್ಮ, ಇಲ್ಲಿ ಮೊದಲನೇ ಹೆಸರು ಓದಿ" ಎಂದರು.

ಅಕ್ಷರ ಸಾಸಿವೆಗಿಂತ ಸಣ್ಣವು, ಸಾಲದ್ದಕ್ಕೆ ಕವರಿನ ಮಡಿಕೆಯ ಹತ್ತಿರ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಮೊದಲನೆಯದು ರಿಫೈನ್ಡ್ ವೀಟ್ ಫ್ಲೋರ್, ಅಂದರೆ ಮೈದಾ. ಆಮೇಲೆ ಗೋಧಿ ಹಿಟ್ಟು. ಆಮೇಲೆ ಸಕ್ಕರೆ. ಅದರ ಹಿಂದೆ ಯೀಸ್ಟ್, ಎಣ್ಣೆ, ಉಪ್ಪು. ಕೊನೆಯಲ್ಲಿ ಬಣ್ಣ, 150ಎ.

"ಯಾವುದು ತೂಕದಲ್ಲಿ ಹೆಚ್ಚೋ ಅದನ್ನ ಮೊದಲು ಬರೀಬೇಕು, ಕಾನೂನು ಹಾಗಿದೆ. ಇದರಲ್ಲಿ ಮೈದಾನೇ ಹೆಚ್ಚು. 150ಎ ಅಂದ್ರೆ ಕ್ಯಾರಮೆಲ್, ಸುಟ್ಟ ಸಕ್ಕರೆ ಬಣ್ಣ" ಎಂದು ಆಕೆ ಬಿಡಿಸಿ ಹೇಳಿದರು.

ಆಟೋದಲ್ಲಿ ಮನೆಗೆ ಬರುವಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಹಾಗಾದ್ರೆ ಇಷ್ಟು ವರ್ಷ ನಮ್ಮ ಬೇಕರಿ ಬ್ರೆಡ್ಡನ್ನೇ ತಿನ್ನಬಹುದಿತ್ತಲ್ಲ ಪುಟ್ಟಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟವಾದದ್ದನ್ನು ಬಿಟ್ಟು, ಇಷ್ಟವಿಲ್ಲದ್ದನ್ನು ತಿಂದು, ಕೊನೆಗೂ ಮೈದಾವನ್ನೇ ತಿಂದಿದ್ದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಅಂಗಡಿಯಲ್ಲಿ ನಿಂತು ಪ್ಯಾಕೆಟ್ಟಿನ ಹಿಂಬದಿ ಓದುವ ಅಭ್ಯಾಸ ಶುರುವಾದದ್ದು ಅವತ್ತಿನಿಂದ.

ಓದುತ್ತಾ ಹೋದಂತೆ ಒಂದು ವಿಷಯ ಖಚಿತವಾಯಿತು. ಪ್ಯಾಕೆಟ್ಟಿನ ಮುಂಬದಿಯಲ್ಲಿರುವುದು ಮಾರುವವರು ಹೇಳಬಯಸಿದ ಮಾತು. ಹಿಂಬದಿಯಲ್ಲಿರುವುದು ಕಾನೂನು ಅವರಿಂದ ಹೇಳಿಸಿದ ಮಾತು. ಬ್ರೌನ್ ಎನ್ನುವುದು ಬಣ್ಣದ ಹೆಸರು, ಹಿಟ್ಟಿನ ಹೆಸರಲ್ಲ. ಮಲ್ಟಿಗ್ರೇನ್ ಎಂದರೆ ಹಲವು ಧಾನ್ಯ ಇವೆ ಎಂದಷ್ಟೇ ಅರ್ಥ, ಎಷ್ಟೆಷ್ಟು ಇವೆ ಎಂದಲ್ಲ. ಒಮ್ಮೆ ರಾಗಿ ಬ್ರೆಡ್ ಎಂದು ಆಸೆಯಿಂದ ಎತ್ತಿಕೊಂಡೆ. ಹಿಂದೆ ನೋಡಿದರೆ ಮೊದಲ ಹೆಸರು ಮೈದಾ, ರಾಗಿ ನೂರಕ್ಕೆ ಐದು ಪಾಲೂ ಇರಲಿಲ್ಲ. ಯಾವ ಧಾನ್ಯವನ್ನು ಹೆಸರಿನಲ್ಲಿ ಎತ್ತಿ ಹೇಳುತ್ತಾರೋ ಅದರ ಶೇಕಡಾವಾರು ಪ್ರಮಾಣವನ್ನು ಪದಾರ್ಥಗಳ ಪಟ್ಟಿಯಲ್ಲಿ ಕೊಡಬೇಕು. ಆ ಸಂಖ್ಯೆಯನ್ನು ಹುಡುಕಿ ಓದಿ. ಇನ್ನೊಂದು ಮಾತು: ಬರೀ ವೀಟ್ ಫ್ಲೋರ್ ಎಂದು ಬರೆದಿದ್ದರೆ ಅದು ನಾವು ಚಪಾತಿಗೆ ಕಲಸುವ ಹಿಟ್ಟು ಎಂದು ನಂಬುವಂತಿಲ್ಲ. ಹೋಲ್ ವೀಟ್ ಅಥವಾ ಆಟಾ ಎಂಬ ಪದ ಇರಬೇಕು, ಅದೂ ಮೊದಲ ಸ್ಥಾನದಲ್ಲಿರಬೇಕು.

ಇಷ್ಟೊಂದು ಹಠ ಯಾಕೆ ಎನ್ನುವವರಿಗೆ ನಾನು ಬೂಸಾ ನೆನಪಿಸುತ್ತೇನೆ. ಅರಸೀಕೆರೆಯ ಮನೆಯಲ್ಲಿ ನಮ್ಮದೊಂದು ಹಸು ಇತ್ತು. ಅದಕ್ಕೆಂದು ಗೋಧಿ ಬೂಸಾದ ಮೂಟೆ ಬರುತ್ತಿತ್ತು. ಮೈದಾ ಮಾಡುವಾಗ ಗೋಧಿಯ ಹೊರಗಿನ ಸಿಪ್ಪೆಯನ್ನೂ ಮೊಳಕೆಯ ಭಾಗವನ್ನೂ ತೆಗೆದು, ಒಳಗಿನ ಬಿಳಿ ಪಿಷ್ಟವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ತೆಗೆದ ಸಿಪ್ಪೆಯೇ ಬೂಸಾ. ಗೋಧಿಯ ನಾರು, ಕಬ್ಬಿಣ, ಬಿ ಗುಂಪಿನ ಜೀವಸತ್ವಗಳು ಬಹುಪಾಲು ಇರುವುದು ಅದರಲ್ಲೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದಲ್ಲಿ 100 ಗ್ರಾಂ ಗೋಧಿ ಹಿಟ್ಟಿಗೆ ಸುಮಾರು 11 ಗ್ರಾಂ ನಾರಿದೆ, ಮೈದಾಕ್ಕೆ 3 ಗ್ರಾಮೂ ಇಲ್ಲ. ಕಸುವಿನ ಭಾಗವನ್ನು ಹಸುವಿಗೆ ಹಾಕಿ, ಉಳಿದದ್ದನ್ನು ನಾವು ಕಾಯಿಲೆಯವರಿಗೆ ಕೊಡುತ್ತಿದ್ದೆವು.

ಈ ಲೆಕ್ಕ ಅಂಗಡಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. 100 ಗ್ರಾಂ ಬ್ರೆಡ್ಡಿನಲ್ಲಿ ಹಿಟ್ಟು ಹೆಚ್ಚುಕಡಿಮೆ 60 ಗ್ರಾಂ, ಉಳಿದದ್ದರಲ್ಲಿ ನೀರೇ ಹೆಚ್ಚು. ಆದ್ದರಿಂದ ನಿಜವಾಗಿ ಗೋಧಿ ಹಿಟ್ಟಿನಿಂದಲೇ ಮಾಡಿದ ಬ್ರೆಡ್ಡಿನಲ್ಲಿ 100 ಗ್ರಾಂಗೆ 6 ಗ್ರಾಂ ಆಸುಪಾಸು ನಾರು ಇರಬೇಕು. ಹೈ ಫೈಬರ್ ಎಂದು ಬರೆದುಕೊಳ್ಳಲು ನಮ್ಮ ಕಾನೂನು ಕೇಳುವುದೂ 6 ಗ್ರಾಮನ್ನೇ. ನಾರಿನ ಸಂಖ್ಯೆ 2 ಅಥವಾ 3 ಎಂದಿದ್ದರೆ ಮುಂದೆ ಏನೇ ಬರೆದಿರಲಿ, ನಾನು ಆ ಪ್ಯಾಕೆಟ್ಟನ್ನು ವಾಪಸ್ ಇಡುತ್ತೇನೆ.

ನಾರಿನ ಜೊತೆಗೆ ಇನ್ನೆರಡು ಸಂಖ್ಯೆ ನೋಡುತ್ತೇನೆ. ಒಂದು, ಸೇರಿಸಿದ ಸಕ್ಕರೆ. ಯೀಸ್ಟ್ ಏಳುವುದಕ್ಕೆ ಚೂರು ಸಕ್ಕರೆ ಹಾಕುವುದು ವಾಡಿಕೆ, ಆದರೆ 100 ಗ್ರಾಂಗೆ 5 ಗ್ರಾಂ ದಾಟಿದರೆ ನಮ್ಮ ಮನೆಗೆ ಬೇಡ. ಮಿಲ್ಕ್ ಬ್ರೆಡ್, ಸ್ವೀಟ್ ಬ್ರೆಡ್ಡುಗಳು ಇಲ್ಲೇ ಉದುರಿಹೋಗುತ್ತವೆ. ಇನ್ನೊಂದು, ಸೋಡಿಯಂ. ಬ್ರೆಡ್ ನಾಲಿಗೆಗೆ ಉಪ್ಪೆನಿಸುವುದಿಲ್ಲ, ಹಾಗಾಗಿ ಯಾರೂ ಇದನ್ನು ಗಮನಿಸುವುದಿಲ್ಲ. ನಾವು ತರುತ್ತಿದ್ದ ಬ್ರೆಡ್ಡಿನಲ್ಲಿ 100 ಗ್ರಾಂಗೆ 480 ಮಿಲಿಗ್ರಾಂ ಸೋಡಿಯಂ ಇತ್ತು, ಎಂದರೆ ಸುಮಾರು 1.2 ಗ್ರಾಂ ಉಪ್ಪು. ಅಪ್ಪನ ನಾಲ್ಕು ಸ್ಲೈಸ್ ತೂಗಿದರೆ 100 ಗ್ರಾಂ ದಾಟುತ್ತಿತ್ತು. ದೊಡ್ಡವರು ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿ.ಪಿ. ಮಾತ್ರೆ ನುಂಗುವ ಅಪ್ಪನಿಗೆ ಅದರ ಕಾಲುಭಾಗ ತಿಂಡಿಯಲ್ಲೇ, ಉಪ್ಪಿನಕಾಯಿ ಮುಟ್ಟುವ ಮೊದಲೇ ಮುಗಿದಿರುತ್ತಿತ್ತು.

ಸಂಖ್ಯೆ ಕಂಡಕಂಡಲ್ಲೆಲ್ಲ ಗಾಬರಿಪಡಬೇಕಿಲ್ಲ ಎಂಬುದನ್ನೂ ಕಲಿತೆ. 282 ಎಂದರೆ ಬೂಸು ಹಿಡಿಯದಂತೆ ಹಾಕುವ ಕ್ಯಾಲ್ಸಿಯಂ ಪ್ರೊಪಿಯೊನೇಟ್. 471, 481 ಬ್ರೆಡ್ ಮೆತ್ತಗಿರಲಿ ಎಂದು ಹಾಕುವಂಥವು. ಇವೆಲ್ಲ ಅನುಮತಿ ಇರುವ ಪದಾರ್ಥಗಳು. ಎರಡು ಬ್ರೆಡ್ಡುಗಳಲ್ಲಿ ಗೋಧಿ, ನಾರು ಸಮನಾಗಿದ್ದರೆ ಪಟ್ಟಿ ಚಿಕ್ಕದಿರುವುದನ್ನು ಆರಿಸುತ್ತೇನೆ, ಅಷ್ಟೇ.

ನಮ್ಮ ಬೀದಿಯ ಬೇಕರಿಯಲ್ಲೂ ವಿಚಾರಿಸಿದೆ. ಅಲ್ಲಿನ ಗೋಧಿ ಬ್ರೆಡ್ಡಿಗೆ ಲೇಬಲ್ಲೇ ಇರಲಿಲ್ಲ. "ಪೂರ್ತಿ ಗೋಧಿನಾ ಅಣ್ಣ?" ಎಂದದ್ದಕ್ಕೆ ಆತ ಮುಚ್ಚುಮರೆಯಿಲ್ಲದೆ ಹೇಳಿದ: "ಇಲ್ಲಕ್ಕ, ಅರ್ಧ ಮೈದಾ. ಪೂರ್ತಿ ಗೋಧಿ ಹಾಕಿದ್ರೆ ಮೇಲಕ್ಕೇಳಲ್ಲ, ಇಟ್ಟಿಗೆ ಥರ ಆಗುತ್ತೆ, ಯಾರೂ ತಗೊಳಲ್ಲ." ಅವನು ಹೇಳಿದ್ದು ನಿಜ. ಹಿಟ್ಟಿನಲ್ಲಿ ಗಾಳಿ ಹಿಡಿದಿಡುವ ಅಂಟಿನ ಎಳೆಗಳನ್ನು ಬೂಸಾದ ಚೂರುಗಳು ಕತ್ತರಿಸುತ್ತವೆ. ಅದಕ್ಕೇ ಪೂರ್ತಿ ಗೋಧಿ ಬ್ರೆಡ್ ಮಾಡುವ ಕಂಪನಿಗಳು ಹೆಚ್ಚಾಗಿ ಗ್ಲುಟೆನ್ ಎಂಬ ಆ ಅಂಟನ್ನು ಬೇರೆಯಾಗಿ ಸೇರಿಸುತ್ತವೆ. ಹತ್ತಿಯಂತೆ ಮೆತ್ತಗಿರಬೇಕು ಎಂದು ನಾವು ಕೇಳುವವರೆಗೆ ಮೈದಾ ಹಾಕುವವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿದ ಆ ಬೇಕರಿಯವನ ಮೇಲೆ ನನಗೆ ಗೌರವವಿದೆ.

ಇಷ್ಟೆಲ್ಲ ಕಲಿತು ನಿಜವಾದ ಗೋಧಿ ಬ್ರೆಡ್ ತಂದ ಮೇಲೆ ಇನ್ನೊಂದು ಪಾಠ ಕಾದಿತ್ತು. ಒಂದು ಭಾನುವಾರ ಅಪ್ಪ ನಾಲ್ಕು ಸ್ಲೈಸ್ ತಿಂದ ಎರಡು ಗಂಟೆಗೆ ಗ್ಲುಕೋಮೀಟರ್ ಹಿಡಿದರೆ 228. ಹಳೆಯ ಬ್ರೆಡ್ ತಿಂದಾಗಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ನನಗೆ ಅಳುವೇ ಬಂತು. ಡಯಟಿಷಿಯನ್‌ಗೆ ಫೋನ್ ಮಾಡಿದರೆ ಅವರಿಗೇನೂ ಆಶ್ಚರ್ಯವಾಗಲಿಲ್ಲ. ತಿಂದ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂದು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕದ ಕೋಷ್ಟಕಗಳಲ್ಲಿ ಬಿಳಿ ಬ್ರೆಡ್ 75ರ ಆಸುಪಾಸು ಇದ್ದರೆ ಗೋಧಿ ಬ್ರೆಡ್ 74ರ ಆಸುಪಾಸು. ಧಾನ್ಯವನ್ನು ಅಷ್ಟು ನುಣ್ಣಗೆ ಬೀಸಿದ ಮೇಲೆ ಸಿಪ್ಪೆ ಜೊತೆಗಿದ್ದರೂ ಪಿಷ್ಟ ಬೇಗನೇ ಕರಗುತ್ತದೆ. ನಾರಿನಿಂದ ಹೊಟ್ಟೆಗೆ, ಕರುಳಿಗೆ ಲಾಭವಿದೆ, ಪೋಷಕಾಂಶವೂ ಸಿಗುತ್ತದೆ. ಆದರೆ ಗೋಧಿ ಬ್ರೆಡ್ ಎಂದು ಎಷ್ಟು ಬೇಕಾದರೂ ತಿನ್ನಬಹುದು ಎಂದುಕೊಳ್ಳುವುದು ತಪ್ಪು.

ಅಂದಿನಿಂದ ನಾಲ್ಕು ಸ್ಲೈಸ್ ಎರಡಾಯಿತು. ಜೊತೆಗೆ ಒಂದು ಬಟ್ಟಲು ಮೊಳಕೆ ಹೆಸರುಕಾಳಿನ ಉಸಲಿ, ಸೌತೆಕಾಯಿ, ಕೆಲವು ದಿನ ಮೊಟ್ಟೆ. ಬ್ರೆಡ್ ವಾರಕ್ಕೆ ಮೂರು ದಿನ ಮಾತ್ರ. ಮಿಕ್ಕ ದಿನ ರಾತ್ರಿಯೇ ರುಬ್ಬಿಟ್ಟ ಹೆಸರುಬೇಳೆ ಹಿಟ್ಟಿನ ದೋಸೆ. ಆ ಎರಡು ಸ್ಲೈಸ್, ಉಸಲಿಯ ತಿಂಡಿಯ ನಂತರ ಮೀಟರ್ 170ರ ಹತ್ತಿರ ತೋರಿಸತೊಡಗಿತು. ಇದು ನಮ್ಮ ಅಪ್ಪನೊಬ್ಬರ ಮೈಯ ಲೆಕ್ಕ. ನಿಮ್ಮ ಮನೆಯವರ ಲೆಕ್ಕವನ್ನು ಅವರ ಮೀಟರ್, ಅವರ ಡಾಕ್ಟರು ಹೇಳಬೇಕು.

ತಂದ ಬ್ರೆಡ್ಡನ್ನು ಇಡುವುದರಲ್ಲೂ ತಪ್ಪು ಮಾಡುತ್ತಿದ್ದೆ. ಫ್ರಿಜ್ಜಿನಲ್ಲಿಟ್ಟರೆ ಬ್ರೆಡ್ ಹೊರಗಿಗಿಂತ ಬೇಗ ಒರಟಾಗುತ್ತದೆ. ಈಗ ಎರಡು ದಿನಕ್ಕೆ ಬೇಕಾದಷ್ಟನ್ನು ಹೊರಗಿಟ್ಟು, ಉಳಿದದ್ದನ್ನು ಗಾಳಿಯಾಡದಂತೆ ಸುತ್ತಿ ಫ್ರೀಜರಿಗೆ ಹಾಕುತ್ತೇನೆ. ನೇರ ಹೆಂಚಿಗೆ ಹಾಕಿದರೆ ಹೊಸದರಂತೆಯೇ ಇರುತ್ತದೆ. ಬೂಸು ಕಂಡರೆ ಆ ಜಾಗ ಮಾತ್ರ ಚಿವುಟಿ ಎಸೆಯುತ್ತಿದ್ದ ಅಭ್ಯಾಸವನ್ನೂ ಬಿಟ್ಟೆ. ಕಣ್ಣಿಗೆ ಕಾಣದ ಎಳೆಗಳು ಒಳಗೆ ಹರಡಿರುತ್ತವೆ, ಪೂರ್ತಿ ಬಿಸಾಡುವುದೇ ಸರಿ.

ಈಗ ಸಾಮಾನು ತರಲು ಅಪ್ಪನೂ ಜೊತೆಗೆ ಬರುತ್ತಾರೆ. ಜೇಬಿನಲ್ಲಿ ಭೂತಗನ್ನಡಿ. ಉತ್ತರಪತ್ರಿಕೆ ತಿದ್ದುವಾಗ ಇರುತ್ತಿದ್ದ ಅದೇ ಗಂಭೀರ ಮುಖದಲ್ಲಿ ಪ್ಯಾಕೆಟ್ಟಿನ ಬೆನ್ನು ಓದಿ, "ಇದು ಪಾಸು" ಎಂದು ಬುಟ್ಟಿಗೆ ಹಾಕುತ್ತಾರೆ, ಇಲ್ಲವೇ ಇದ್ದಲ್ಲಿಯೇ ಇಡುತ್ತಾರೆ. ಪಕ್ಕದಲ್ಲಿ ನಿಂತವರು ಕೇಳಿದರೆ ಅವರಿಗೂ ಬಿಡಿಸಿ ಹೇಳುತ್ತಾರೆ.

ತಿಂಗಳಿಗೊಮ್ಮೆ, ಡಯಟಿಷಿಯನ್ ಒಪ್ಪಿಗೆ ಪಡೆದೇ, ನಮ್ಮ ಬೀದಿಯ ಬೇಕರಿಯಿಂದ ಒಂದು ಬಿಳಿ ಬ್ರೆಡ್ ತರುತ್ತೇನೆ. ಅದು ಅಪ್ಪಟ ಮೈದಾ ಎಂದು ನನಗೂ ಗೊತ್ತು, ಅಪ್ಪನಿಗೂ ಗೊತ್ತು. ಒಂದೇ ಒಂದು ಸ್ಲೈಸನ್ನು ಸಕ್ಕರೆಯಿಲ್ಲದ ಬಿಸಿಹಾಲಿನಲ್ಲಿ ಅದ್ದಿ ಕೊಡುತ್ತೇನೆ. ಅಪ್ಪ ಅದನ್ನು ನಿಧಾನವಾಗಿ, ಬಟ್ಟಲಿನ ತಳದ ಹಾಲಿನವರೆಗೂ ತಿಂದು, "ನಿಮ್ಮಮ್ಮ ಇಷ್ಟು ಬಿಸಿ ಮಾಡ್ತಿರಲಿಲ್ಲ" ಎನ್ನುತ್ತಾರೆ.