ಬೆಲ್ಟ್ ಹರಿದ ಕಾರಿಗೆ ಸೆಲ್ಫ್ ಹೊಡೆಯಬೇಡಿ

1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಇನ್ನೂ ಎಷ್ಟೋ ಮನೆಗಳ ಮುಂದೆ ನಿಂತಿದೆ. ಓಡುತ್ತಿದ್ದ ಗಾಡಿ ತಟ್ಟನೆ ನಿಂತು, ಆಮೇಲೆ ಸ್ಟಾರ್ಟರ್ ಎಂದಿಗಿಂತ ಹಗುರವಾಗಿ ಗಿರ್ರೆಂದು ತಿರುಗಿದರೂ ಎಂಜಿನ್ ಹಿಡಿಯದಿದ್ದರೆ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಕೆಲವು ಎಂಜಿನ್‌ಗಳಲ್ಲಿ ತೆರೆದು ನಿಂತ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ವಾಲ್ವ್ ಬಾಗಿದರೆ ಹೆಡ್ಡನ್ನೇ ಬಿಚ್ಚಬೇಕು.

ಮನೆಯಲ್ಲೇ ಬದಲಿಸುವ ಹುಮ್ಮಸ್ಸಿದ್ದರೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಪ್ಲಗ್‌ಗಳನ್ನು ಬಿಚ್ಚಿಡಿ. ಬರೀ ಜಾಕಿ ನಂಬಿ ಗಾಡಿಯ ಕೆಳಗೆ ತೂರಬೇಡಿ. ಬೋಲ್ಟ್ ಬಿಚ್ಚುವುದು ತೋಳ್ಬಲದ ಕೆಲಸ, ಅದಕ್ಕೆ ಹೆದರಬೇಕಿಲ್ಲ. ಗುರುತು ಕೂಡಿಸುವಲ್ಲಿಯೇ ಎಡವುವುದು. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದೇ ಸುತ್ತು ಬರಬೇಕು. ಎರಡೂ ಪುಲ್ಲಿಗಳ ಗುರುತು ಕಂಪನಿಯ ಕೈಪಿಡಿಯಲ್ಲಿ ಹೇಳಿದ ಜಾಗದಲ್ಲೇ ನಿಲ್ಲಲಿ. ಒಂದು ಹಲ್ಲು ಆಚೀಚೆಯಾದರೂ ಎಂಜಿನ್ ಮುಕ್ಕರಿಯುತ್ತದೆ. ಬೆಲ್ಟನ್ನು ಮಡಚಬೇಡಿ, ಎಣ್ಣೆ ತಾಗಿಸಬೇಡಿ. ಆಯಿಲ್ ಸೀಲ್ ಸೋರುತ್ತಿದ್ದರೆ, ಟೆನ್ಷನರ್ ಬೇರಿಂಗ್ ಸದ್ದು ಮಾಡಿದರೆ ಇದೇ ಕೈಯಲ್ಲಿ ಬದಲಿಸಿ. ಅಲ್ಲಿ ಜಿಪುಣತನ ಮಾಡಿದವರು ಹೊಸ ಬೆಲ್ಟನ್ನೂ ಕಳೆದುಕೊಳ್ಳುತ್ತಾರೆ.

ಕೊನೆಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ, ಕೈಯಿಂದ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತು ಮತ್ತೆ ನೋಡಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಮೆಕ್ಯಾನಿಕ್‌ನನ್ನು ಕರೆಸಿ. ಎಲ್ಲ ಸರಿಯಿದ್ದರೆ ಬೆಲ್ಟ್ ಹಾಕಿದ ತಾರೀಕು, ಕಿಲೋಮೀಟರ್ ಎರಡನ್ನೂ ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿಬಿಡಿ.